ಹೊಸ ಭಾಷಾ ಕಟ್ಟೋವಾಗ ‘ಗಳು’ ಎಲ್ಲಿ ಹಚ್ಚಬೇಕು, ‘ದ’ ಅನ್ನೋದು ಬೇಕೋ ಬ್ಯಾಡೋ?

ಪ್ರಶ್ನೆ: ಮೇಡಂ, ನಾನು ರಾಣೆಬೆನ್ನೂರಾಕಿ, ಬಿಎ ಓದಾಕತ್ತೀನಿ. ಒಂದು ಕಾದಂಬರಿ ಬರೀಲಿಕ್ಕೆ ಹತ್ತೀನಿ, ಅದರಾಗ ಗುಡ್ಡದ ಮ್ಯಾಲೆ ಕುರಿ ಕಾಯೋ ಮಂದಿ ಬರ್ತಾರ, ಅವರಿಗೆ ನಾನs ಒಂದು ಭಾಷಾ ಕಟ್ಟೀನಿ. ಅವರು ಕುರಿಗೆ ‘ಮೊರು’ ಅಂತಾರ. ಬಹುವಚನಕ್ಕ ಎಲ್ಲಾ ನಾಮಪದಕ್ಕೂ ‘ಶಿ’ ಹಚ್ಚೀನಿ, ‘ಮೊರುಶಿ’ ಅಂದ್ರ ಕುರಿಗಳು. ಇಂಗ್ಲಿಷಿನ ‘ದ’ ಇದ್ದಂಗ ‘ಎಲ್’ ಅನ್ನೋ ಶಬ್ದ ಮುಂದ ಇಟ್ಟೀನಿ. ಗೆಳತಿ ಓದಿ ‘ಇದು ಶಬ್ದ ಬದ್ಲಿ ಮಾಡಿದ ಇಂಗ್ಲಿಷ್ ಐತಿ ಅಷ್ಟs’ ಅಂದ್ಲು. ಬ್ಯಾರೆ ಭಾಷಾ ಕಟ್ಟಿದವ್ರು ಇದನ್ನೆಲ್ಲ ಹೆಂಗ ಮಾಡ್ಯಾರ? ನಾ ಏನು ಬದಲಿ ಮಾಡಬೇಕು?

ಉತ್ತರ: ನಿನ್ನ ಗೆಳತಿ ಹೇಳಿದ್ದು ಖರೇ ಐತಿ ತಂಗಿ, ಆದ್ರ ಬ್ಯಾಸರ ಮಾಡ್ಕೋಬ್ಯಾಡ, ಭಾಷಾ ಕಟ್ಟಾಕ ಕುಂತವ್ರು ಭಾಳ ಮಂದಿ ಮದ್ಲ ಇಲ್ಲೇ ಬಂದು ನಿಲ್ತಾರ. ‘ಶಿ’ ಚಲೋ ಐತಿ, ‘ಎಲ್’ ಸೈತ ಕಿವಿಗೆ ಚಲೋ ಐತಿ. ತೊಂದ್ರಿ ಎಲ್ಲೈತಿ ಅಂದ್ರ ನೀ ಅವೆರಡನ್ನೂ ಎಲ್ಲಾ ನಾಮಪದಕ್ಕೂ ಯಾವಾಗ್ಲೂ ಕಡ್ಡಾಯ ಮಾಡಿ ಇಟ್ಟೀ. ಪ್ರತ್ಯಯ ಯಾವ ಅಕ್ಷರದ್ದು ಅನ್ನೋದು ಆಮ್ಯಾಲಿನ ಮಾತು, ಆ ಮಂದಿ ಬಾಯಿ ತೆಗದಾಗೆಲ್ಲ ಯಾವ ಸುದ್ದಿ ಹೇಳಾಕs ಬೇಕು, ಯಾವುದನ್ನ ಹೇಳದs ಬಿಡಬಹುದು ಅನ್ನೋದನ್ನ ನೀ ಮದ್ಲ ತೀರ್ಮಾನ ಮಾಡಬೇಕು. ವಚನ ಮತ್ತ ನಿರ್ದಿಷ್ಟತೆ ಎರಡೂ ಇಂಥಾ ತೀರ್ಮಾನಾನs ಅದಾವ. ಒಂದೋ ಭಾಳೋ ಅನ್ನೋದು ವಚನ, ನಾ ಹೇಳೋದು ಯಾವುದು ಅಂತ ಕೇಳಾವಗೂ ಗೊತ್ತೈತೋ ಇಲ್ಲೋ ಅನ್ನೋದು ನಿರ್ದಿಷ್ಟತೆ.

ದೂರ ಹೋಗೋದು ಬ್ಯಾಡ, ನಿನ್ನ ಬಾಯಾಗಿರೋ ಕನ್ನಡಾನs ಮದ್ಲ ನೋಡು, ಯಾಕಂದ್ರ ಸಾಲ್ಯಾಗ ನಮಗ ‘ಏಕವಚನ, ಬಹುವಚನ, ಗಳು ಹಚ್ಚಿರಿ’ ಅಂತ ಕಲಿಸಿಬಿಡ್ತಾರ, ಆದ್ರ ನಾವು ಮಾತಾಡೋದು ಹಂಗಿಲ್ಲ. ‘ಐದು ರೊಟ್ಟಿ ಕೊಡ್ರಿ’ ಅಂತೀವಿ, ಐದು ರೊಟ್ಟಿಗಳನ್ನ ಕೊಡ್ರಿ ಅಂತ ಖಾನಾವಳ್ಯಾಗ ಯಾರೂ ಕೇಳೂದಿಲ್ಲ. ‘ಎರಡು ಎತ್ತು’, ‘ನೂರು ಕುರಿ’, ‘ನಾಕು ಚೀಲ ಮೆಣಸಿನಕಾಯಿ’. ಸಂಖ್ಯೆ ಬಂತು ಅಂದ್ರ ಗಳು ಬೇಕಾಗೂದಿಲ್ಲ. ಆದ್ರ ಮನಷ್ಯಾರು ಬಂದ ಕೂಡ್ಲೆ ಕಾಯ್ದೆ ಬದಲಾಗ್ತೈತಿ, ‘ಐದು ಹುಡುಗ ಬಂದ’ ಅಂದ್ರ ಕಿವಿಗೆ ಚುಚ್ಚತೈತಿ, ‘ಐದು ಮಂದಿ ಹುಡುಗ್ರು ಬಂದ್ರು’ ಅನ್ನಾಕs ಬೇಕು, ನಡುವ ‘ಮಂದಿ’ ಬರ್ತೈತಿ, ಕೊನೀಗೆ ‘ರು’ ಬರ್ತೈತಿ. ಅಂದ್ರ ನಮ್ಮ ಭಾಷಾದಾಗ ವಚನ ಕಡ್ಡಾಯ ಆಗೋದು ಮನಷ್ಯಾರಿಗೆ, ವಸ್ತುಗೋಳಿಗೆ ಅದು ಇದ್ರೂ ನಡೀತೈತಿ ಇಲ್ದಿದ್ರೂ ನಡೀತೈತಿ.

ಇನ್ನೊಂದು ನೋಡು. ‘ಕುರಿ ಬಂತು’, ‘ಕುರಿ ಬಂದ್ವು’. ಕುರಿ ಅನ್ನೋ ಶಬ್ದ ಅಲ್ಲಾಡ್ಲಿಲ್ಲ, ಒಂದೋ ಭಾಳೋ ಅನ್ನೋದನ್ನ ಕ್ರಿಯಾಪದ ಹೇಳಿಬಿಡ್ತು. ಮತ್ತ ‘ಹೆಡ್ ಮಾಸ್ತರ್ರು ಬಂದ್ರು’ ಅಂದಾಗ ಬಂದಾವ್ರು ಒಬ್ಬರs, ಬಹುವಚನ ಅಲ್ಲಿ ಎಣಿಸೋ ಕೆಲಸ ಬಿಟ್ಟು ಮರ್ಯಾದಿ ಕೊಡೋ ಕೆಲಸ ಮಾಡಾಕತ್ತೈತಿ. ಒಂದು ಪ್ರತ್ಯಯಕ್ಕ ಎರಡು ಕೆಲಸ ಇರೋದು ನಿಜವಾದ ಭಾಷಾದಾಗ ಭಾಳ ಸಹಜ, ಕಟ್ಟಿದ ಭಾಷಾದಾಗ ಇಂಥಾದ್ದು ಕಡಿಮಿ, ಅದಕ್ಕs ಅವು ಎಷ್ಟೋ ಸಲ ಸಪ್ಪಗ ಅನಸ್ತಾವ.

ಈಗ ನಿರ್ದಿಷ್ಟತೆ ಬಗ್ಗೆ. ಕನ್ನಡದಾಗ ‘ದ’ ಇಲ್ಲ ಅಂತ ಎಲ್ಲಾರೂ ಹೇಳ್ತಾರ, ಶಬ್ದ ಇಲ್ಲ ಅನ್ನೋದು ಖರೆ, ಆದ್ರ ಕೆಲಸ ನಿಂತಿಲ್ಲ. ‘ಅಂಗಳದಾಗ ಬೆಕ್ಕು ಐತಿ’ ಅಂದ್ರ ಯಾವುದೋ ಒಂದು ಬೆಕ್ಕು, ನಿನಗ ಹೊಸಾ ಸುದ್ದಿ. ‘ಬೆಕ್ಕು ಅಂಗಳದಾಗ ಐತಿ’ ಅಂದ್ರ ನಮ್ಮ ಮನಿ ಬೆಕ್ಕು, ನೀ ಹುಡುಕಾಕತ್ತಿದ್ದು. ಎರಡು ಶಬ್ದದ ಜಾಗ ಅದಲು ಬದಲು ಆತು ಅಷ್ಟs. ಕಥಿ ಹೇಳೋವಾಗ ‘ಒಂದೂರಾಗ ಒಬ್ಬ ರಾಜ ಇದ್ದ, ರಾಜಗ ಮೂರು ಮಂದಿ ಹೆಂಡ್ರು’ ಅಂತೀವಿ, ಮದ್ಲ ಸಲ ‘ಒಬ್ಬ’ ಬೇಕು, ಎರಡನೇ ಸಲ ಬರೇ ‘ರಾಜ’ ಸಾಕು, ಅವ ಗುರ್ತಿನಾವ ಆಗಿಬಿಟ್ಟ. ‘ಕುರಿ ಮಾರಿದ್ನಿ’ ಅಂದ್ರ ಒಂದರs ಆಗಲಿ ಹತ್ತರs ಆಗಲಿ ಕುರಿ ಮಾರೋ ಕೆಲಸ ಮಾಡ್ದೆ ಅಂತ ಅರ್ಥ, ‘ಕುರಿನ್ನ ಮಾರಿದ್ನಿ’ ಅಂದ್ರ ಭಾಳ ಸಲ ನಿನಗ ಗೊತ್ತಿದ್ದ ಆ ಕುರಿ. ದ್ವಿತೀಯಾ ವಿಭಕ್ತಿ ಇಲ್ಲಿ ‘ದ’ದ ಕೆಲಸ ಮಾಡಾಕತ್ತೈತಿ. ನಮ್ಮ ಕಡೆ ‘ಕನ್ಯಾ ನೋಡಾಕ ಹೋಗ್ಯಾರ’ ಅಂತೀವಲ್ಲ, ಅಲ್ಲಿ ಯಾವ ಕನ್ಯಾ ಅನ್ನೋದು ಪ್ರಶ್ನೇನs ಅಲ್ಲ, ಅದು ಒಂದು ಕೆಲಸದ ಹೆಸ್ರು, ಅದಕ್ಕ ಮನಷ್ಯಾರಿದ್ರೂ ವಿಭಕ್ತಿ ಬಿದ್ದು ಹೋಗೈತಿ. ‘ಹುಡುಗಿನ್ನ ನೋಡಿ ಬಂದ್ರು’ ಅಂದಾಗ ಹುಡುಗಿ ಯಾರು ಅನ್ನೋದು ಇಬ್ಬರಿಗೂ ಗೊತ್ತು. ಟರ್ಕಿ ದೇಶದ ಭಾಷಾದಾಗೂ ಹಿಂಗs ಐತಿ, ಕರ್ಮಕ್ಕ ಪ್ರತ್ಯಯ ಹತ್ತಿತು ಅಂದ್ರ ಅದು ಗೊತ್ತಿದ್ದ ವಸ್ತು, ಹತ್ತಲಿಲ್ಲ ಅಂದ್ರ ಯಾವುದರs ಒಂದು, ಸಂಖ್ಯೆ ಮುಂದ ಬಂದ್ರ ಅಲ್ಲಿಯೂ ನಾಮಪದ ಏಕವಚನದಾಗs ಇರ್ತೈತಿ.

ಇಷ್ಟು ಯಾಕ ಹೇಳಿದೆ ಅಂದ್ರ, ನೀ ದಿನಾ ಆಡೋ ಭಾಷಾದಾಗ ಇಷ್ಟೆಲ್ಲ ಸೂಕ್ಷ್ಮ ಇಟ್ಕೊಂಡು, ಹೊಸ ಭಾಷಾ ಕಟ್ಟೋವಾಗ ಇಂಗ್ಲಿಷಿನ ವ್ಯಾಕರಣದ ಪುಸ್ತಕಾ ತೆಗದು ಕುಂದ್ರೋದು ನನಗ ಭಾಳ ನೋವು ಕೊಡ್ತೈತಿ. ನಿನ್ನೊಬ್ಬಾಕಿದs ಅಲ್ಲ, ನಮ್ಮ ಹುಡುಗ್ರು ‘ವ್ಯಾಕರಣ’ ಅಂದ ಕೂಡ್ಲೆ ಇಂಗ್ಲಿಷನ್ನs ಅಳತಿ ಅಂತ ತಿಳಕೊಂಡಾರ.

ಈಗ ಕಟ್ಟಿದ ಭಾಷಾಗೋಳಿಗೆ ಬರ್ತೀನಿ. ಮದ್ಲ ಜಗತ್ತಿಗೆಲ್ಲ ಒಂದು ಸುಲಭ ಭಾಷಾ ಬೇಕು ಅಂತ ಕಟ್ಟಿದವ್ರ ಸುದ್ದಿ. ಜರ್ಮನಿಯ ಕ್ಯಾಥೊಲಿಕ್ ಪಾದ್ರಿ ಶ್ಲೇಯರ್ 1879-80ರ ಹೊತ್ತಿಗೆ ವೊಲಾಪ್ಯೂಕ್ ಕಟ್ಟಿದ್ರು, ಅದರಾಗ ‘ದೊಮ್’ ಅಂದ್ರ ಮನಿ, ‘ದೊಮ್ಸ್’ ಮನಿಗೋಳು, ವಿಭಕ್ತಿಗೆ ಆ, ಎ, ಇ ಬರ್ತಾವ, ‘ದೊಮಾ’ ಮನಿಯ, ‘ದೊಮೆ’ ಮನಿಗೆ, ‘ದೊಮಿ’ ಮನಿಯನ್ನ, ಇವುಕ್ಕೆಲ್ಲ ಮ್ಯಾಲೆ ಸ್ ಹಚ್ಚಿದ್ರ ಬಹುವಚನ. ‘ದ’ದಂಥಾ ಶಬ್ದ ಮಾತ್ರ ಇಡ್ಲಿಲ್ಲ. ಆಮ್ಯಾಲೆ 1887ರಾಗ ವಾರ್ಸಾದೊಳಗ ಜಾಮೆನ್‌ಹೋಫ್ ಅವರ ಎಸ್ಪೆರಾಂಟೊ ಬಂತು. ಇದರಾಗ ನಾಮಪದ ಎಲ್ಲಾ ‘ಒ’ದಿಂದ ಮುಗೀತಾವ, ‘ಹುಂಡೊ’ ಅಂದ್ರ ನಾಯಿ, ‘ಹುಂಡೊಯ್’ ನಾಯಿಗೋಳು, ನಾಯಿಗಳನ್ನ ಅಂದ್ರ ‘ಹುಂಡೊಯ್ನ್’. ಗುಣವಾಚಕಕ್ಕೂ ಅದs ಬಾಲ ಹಚ್ಚಬೇಕು, ‘ಲಾ ಗ್ರಾಂಡಾಯ್ ಹುಂಡೊಯ್’ ಅಂದ್ರ ಆ ದೊಡ್ಡ ನಾಯಿಗೋಳು, ‘ದೊಡ್ಡ’ ಅನ್ನೋದಕ್ಕೂ ಬಹುವಚನ ಬಂತು ನೋಡು. ಮೂರು ನಾಯಿ ಅಂತ ಸಂಖ್ಯೆ ಹೇಳಿದ್ರೂ ಬಹುವಚನ ಬಿಡೋ ಹಂಗಿಲ್ಲ. ‘ಲಾ’ ಅನ್ನೋದು ‘ದ’ ಇದ್ದಂಗ, ಲಿಂಗ ವಚನ ವಿಭಕ್ತಿ ಯಾವುದಕ್ಕೂ ಬದಲಾಗೂದಿಲ್ಲ, ಇಂಗ್ಲಿಷಿನ ‘ಎ’ದಂಥಾದ್ದು ಇಲ್ಲ.

ಇಲ್ಲಿ ನನಗ ಭಾಳ ಹಿಡಿಸೋ ಸಂಗತಿ ಒಂದೈತಿ. ಜಾಮೆನ್‌ಹೋಫ್ ಬೆಳದಿದ್ದು ರಷ್ಯನ್, ಪೋಲಿಷ್ ಮಾತಾಡೋ ಮಂದಿ ನಡುವ, ಆ ಎರಡೂ ಭಾಷಾದಾಗ ‘ದ’ ಇಲ್ಲ. ಆದ್ರೂ ಅವರು ‘ಲಾ’ ಇಟ್ರು. ಇಟ್ಟಮ್ಯಾಲೆ ಇದು ಎಲ್ಲಾರಿಗೂ ಒಗ್ಗೂದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು, ಅದಕ್ಕs 1905ರ ತಮ್ಮ ಮೂಲ ಗ್ರಂಥದಾಗ, ಇದನ್ನ ಬಳಸೋದು ಕಷ್ಟ ಆಗೋ ಮಂದಿ ಶುರುವಿನಾಗ ಇದನ್ನ ಪೂರಾ ಬಿಟ್ಟರೂ ನಡೀತೈತಿ ಅಂತ ಬರದು ಇಟ್ರು. ಬಿಟ್ರೂ ನಡೀತೈತಿ ಅಂದ್ರ ಅದರ ಅರ್ಥ ಏನಾತು? ಸಂದರ್ಭಾನs ಆ ಕೆಲಸ ಮಾಡ್ತೈತಿ ಅಂತ. ನಿನ್ನ ‘ಎಲ್’ ತೆಗದು ಒಂದು ಪುಟ ಓದಿ ನೋಡು, ಅರ್ಥ ಎಲ್ಲಿಯೂ ಕೆಡಲಿಲ್ಲ ಅಂದ್ರ ಅದು ಅಲ್ಲಿ ಸುಮ್ಮನs ಕುಂತಿತ್ತು ಅಂತ ತಿಳಕೋ.

1907ರಾಗ ಎಸ್ಪೆರಾಂಟೊ ತಿದ್ದಿ ‘ಇಡೊ’ ಮಾಡಿದವ್ರು ಗುಣವಾಚಕದ ಬಾಲಾ ಕತ್ತರಿಸಿದ್ರು, ‘ಹುಂಡೊ’ದ ಬಹುವಚನ ‘ಹುಂಡಿ’ ಮಾಡಿದ್ರು, ಮತ್ತ ‘ಲಾ’ ಜತಿಗೆ ‘ಲೆ’ ಅಂತ ಒಂದು ಬಹುವಚನದ್ದು ಇಟ್ರು, ಆದ್ರ ಅದನ್ನ ಬಳಸೋದು ಮುಂದಿನ ಶಬ್ದ ತನ್ನ ಬಹುವಚನ ತಾನು ತೋರಿಸಲಾರದ್ದು ಇದ್ದಾಗ ಮಾತ್ರ. ಬೇಕಾದಲ್ಲಿ ಅಷ್ಟs, ಇದು ಚಲೋ ವಿಚಾರ. ಇಟಲಿಯ ಗಣಿತಜ್ಞ ಪೆಯಾನೊ 1903ರಾಗ ಲ್ಯಾಟಿನ್ನಿನ ಪ್ರತ್ಯಯ ಎಲ್ಲಾ ಕಿತ್ತು ಒಂದು ಭಾಷಾ ಮಾಡಿದ್ರು, ಅಲ್ಲಿ ‘ದ’ ಇಲ್ಲ, ಸ್ ಅನ್ನೋ ಬಹುವಚನ ಬ್ಯಾರೆ ಶಬ್ದದಿಂದ ತಿಳೀದಿದ್ರ ಮಾತ್ರ. ಅದು ನಮ್ಮ ‘ಐದು ರೊಟ್ಟಿ’ ಕಾಯ್ದೇನs ಐತಿ ನೋಡು. 1951ರ ಇಂಟರ್‌ಲಿಂಗ್ವಾ ಯುರೋಪಿನ ಭಾಷಾಗಳ ಸರಾಸರಿ, ‘ದ’ಕ್ಕ ‘ಲೆ’, ‘ಎ’ಗೆ ‘ಉನ್’, ಬಹುವಚನಕ್ಕ ಸ್, ಅಷ್ಟs, ನಿನ್ನ ಕುರಿ ಮಂದಿಗೆ ಅದರಿಂದ ಏನೂ ಸಿಗೂದಿಲ್ಲ.

ಕಥಿಗೆ, ಸಿನೆಮಾಕ್ಕ ಅಂತ ಕಟ್ಟಿದ ಭಾಷಾದಾಗ ನಿನಗ ಬೇಕಾದ್ದು ಐತಿ. ಮಾರ್ಕ್ ಒಕ್ರಾಂಡ್ ‘ಸ್ಟಾರ್ ಟ್ರೆಕ್’ ಸಿನೆಮಾಕ್ಕ ಕಟ್ಟಿದ ಕ್ಲಿಂಗಾನ್ ನೋಡು, ಅದರ ಡಿಕ್ಷನರಿ 1985ರಾಗ ಬಂತು. ಅಲ್ಲಿ ಬಹುವಚನಕ್ಕ ಮೂರು ಪ್ರತ್ಯಯ. ಮಾತು ಬರೋ ಜೀವಕ್ಕ ‘ಪು’, ಮೈಯ್ಯಿನ ಭಾಗಕ್ಕ ‘ಡು’, ಉಳಿದದ್ದಕ್ಕೆಲ್ಲ ‘ಮೇಯ್’. ಕ್ಲಿಂಗಾನಿನ ಉಚ್ಚಾರ ನಮ್ಮ ಲಿಪಿಯೊಳಗ ಪೂರಾ ಬರೂದಿಲ್ಲ, ಸುಮಾರಾಗಿ ಬರ್ಯಾಕತ್ತೀನಿ. ‘ಪುಖ್’ ಅಂದ್ರ ಕೂಸು, ‘ಪುಖ್‌ಪು’ ಕೂಸುಗೋಳು. ಕೂಸು ಮಾತು ಬರೋ ಜಾತಿ, ಅದಕ್ಕ ‘ಪು’. ಅದs ಶಬ್ದಕ್ಕ ‘ಮೇಯ್’ ಹಚ್ಚಿದ್ರ ವ್ಯಾಕರಣ ತಪ್ಪು ಅಂತ ಬಿಡೂದಿಲ್ಲ, ಅರ್ಥ ಬದಲಾಗ್ತೈತಿ, ‘ಎಲ್ಲಾ ಕಡೆ ಚೆಲ್ಲಾಪಿಲ್ಲಿ ಆಗಿರೋ ಕೂಸುಗೋಳು’ ಅಂತ ಆಗ್ತೈತಿ. ಎಷ್ಟು ಚಂದ ವಿಚಾರ! ಕಾಯ್ದೆ ಮುರದ್ರ ಅಲ್ಲೊಂದು ಹೊಸ ಅರ್ಥ ಹುಟ್ತೈತಿ, ಹಿಂಗಾದಾಗ ಭಾಷಾಕ್ಕ ಜೀವ ಬಂದಂಗ. ಇದರ ಮ್ಯಾಲೆ ಕೆಲವು ಶಬ್ದಕ್ಕ ಬಹುವಚನ ಬ್ಯಾರೆ ಶಬ್ದಾನs ಐತಿ, ‘ಜೆಂಗ್ವಾ’ ಅಂದ್ರ ಒಂದು ತಾಟು, ‘ಙೋಪ್’ ಅಂದ್ರ ತಾಟುಗೋಳು, ಮತ್ತ ಈ ‘ಙೋಪ್’ ಅನ್ನೋದನ್ನ ವ್ಯಾಕರಣದಾಗ ಏಕವಚನ ಅಂತs ಹಿಡೀತಾರ. ಇಷ್ಟೆಲ್ಲ ಇದ್ರೂ ಕ್ಲಿಂಗಾನಿನಾಗ ಬಹುವಚನ ಕಡ್ಡಾಯ ಅಲ್ಲ, ಕ್ರಿಯಾಪದದ ಮುಂದಿನ ತುಣುಕಿಂದ ಅಥವಾ ಸರ್ವನಾಮದಿಂದ ತಿಳದ್ರ ಬಿಟ್ಟುಬಿಡಬಹುದು. ‘ದ’ ಇಲ್ಲ, ‘ಎ’ನೂ ಇಲ್ಲ.

2009ರ ‘ಅವತಾರ್’ ಸಿನೆಮಾಕ್ಕ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷಾದಾಗ ನಾಕು ವಚನ ಅದಾವ: ಒಂದು, ಎರಡು, ಮೂರು, ಅದಕ್ಕಿಂತ ಹೆಚ್ಚು. ಸಂಸ್ಕೃತದಾಗ ದ್ವಿವಚನ ಕಲಿತೀವಲ್ಲ, ಇಲ್ಲಿ ಅದರ ಮುಂದ ಇನ್ನೊಂದು ಮೆಟ್ಟಲ ಐತಿ. ಪ್ರತ್ಯಯ ಹಿಂದ ಬರೂದಿಲ್ಲ, ಮುಂದ ಬರ್ತೈತಿ, ಬಂದಾಗ ಶಬ್ದದ ಮದಲನೇ ಅಕ್ಷರ ಮೆತ್ತಗಾಗ್ತೈತಿ. ‘ತುತೆ’ ಅಂದ್ರ ಮನಷ್ಯಾ, ‘ಮೆಸುತೆ’ ಇಬ್ಬರು, ‘ಐಸುತೆ’ ಭಾಳ ಮಂದಿ, ತ ಹೋಗಿ ಸ ಆತು. ಈಗ ಮುಂದ ನೋಡು, ಮದಲನೇ ಅಕ್ಷರ ಹೆಂಗಿದ್ರೂ ಬದಲಾಗೈತಿ ಅಂದಮ್ಯಾಲೆ ‘ಐ’ ಯಾಕ ಬೇಕು? ಅದಕ್ಕ ಬಿಟ್ಟುಬಿಡ್ತಾರ, ಬರೇ ‘ಸುತೆ’ ಅಂದ್ರೂ ಮಂದಿ ಅಂತs ಅರ್ಥ. ಮಂದಿ ದಿನಾ ಮಾತಾಡಿ ಸವೆಸಿದ ಭಾಷಾ ಹಿಂಗs ಇರ್ತೈತಿ, ಫ್ರಾಮರ್ ಆ ಸವಕಳೀನ್ನ ಮದ್ಲs ಕಟ್ಟಿ ಇಟ್ಟಾರ. ಸಂಖ್ಯೆ ಬಂದ್ರ ಅಲ್ಲಿಯೂ ನಾಮಪದ ಏಕವಚನ. ನಿರ್ದಿಷ್ಟತೆಗೆ ಅವರು ಇಂಗ್ಲಿಷಿನ ಉಲ್ಟಾ ಹಾದಿ ಹಿಡದಾರ, ‘ದ’ ಇಲ್ಲ, ಬೇಕಾದಾಗ ‘ಯಾವುದೋ ಒಂದು’ ಅನ್ನೋದಕ್ಕ ಹಿಂದ ‘ಒ’ ಹಚ್ತಾರ, ‘ತುತೆಒ’ ಅಂದ್ರ ಯಾರೋ ಒಬ್ಬರು. ನಮ್ಮ ‘ಒಬ್ಬ ರಾಜ’ ಇದ್ದಂಗ, ಗೊತ್ತಿಲ್ಲದ್ದಕ್ಕ ಗುರ್ತು, ಗೊತ್ತಿದ್ದದ್ದು ಬರೇ.

ಡೇವಿಡ್ ಪೀಟರ್ಸನ್ ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್ಲಿಗೆ ಎರಡು ಭಾಷಾ ಕಟ್ಯಾರ, ಎರಡೂ ನಿನ್ನ ಕೆಲಸಕ್ಕ ಬರ್ತಾವ. ಡೊತ್ರಾಕಿಯೊಳಗ ನಾಮಪದ ಎರಡು ಪಂಗಡ, ಜೀವ ಇದ್ದವು ಮತ್ತ ಇಲ್ಲದವು. ಜೀವ ಇದ್ದವುಕ್ಕ ಅಷ್ಟs ವಚನ, ಇಲ್ಲದವುಕ್ಕ ವಚನ ಇಲ್ಲವೇ ಇಲ್ಲ. ‘ಡೊತ್ರಾಕ್’ ಅಂದ್ರ ಕುದರಿ ಸವಾರ, ‘ಡೊತ್ರಾಕಿ’ ಅವನ ಬಹುವಚನ, ಆ ಮಂದಿ ಹೆಸರs ಬಹುವಚನ. ಆದ್ರ ನನಗ ಇದಕ್ಕಿಂತ ಹೈ ವಲೇರಿಯನ್ ಭಾಳ ಸೇರ್ತೈತಿ. ಕಾದಂಬರಿಕಾರ ಮಾರ್ಟಿನ್ ಮದ್ಲs ‘ವಲಾರ್ ಮೊರ್ಘುಲಿಸ್’ ಅಂತ ಒಂದು ಮಾತು ಬರದು ಇಟ್ಟಿದ್ರು, ಎಲ್ಲಾ ಮನಷ್ಯಾರೂ ಸಾಯಾಕs ಬೇಕು ಅಂತ ಅದರ ಅರ್ಥ. ಅದರಾಗ ಇರೋದು ಎರಡs ಶಬ್ದ, ‘ಎಲ್ಲಾ’ ಅನ್ನೋದು ಎಲ್ಲಿ ಹೋತು? ಪೀಟರ್ಸನ್ ಅದನ್ನ ‘ವಲಾರ್’ ಒಳಗs ಕಂಡ್ರು, ನಾಕು ವಚನ ಕಟ್ಟಿದ್ರು. ‘ವಲಾ’ ಒಬ್ಬ ಗಂಡಸು, ‘ವಲಿ’ ಗಂಡಸ್ರು, ‘ವಲುನ್’ ಒಂದಿಷ್ಟು ಗಂಡಸ್ರು, ‘ವಲಾರ್’ ಗಂಡಸ್ರ ಕುಲ ಎಲ್ಲಾ ಒಟ್ಟಿಗೆ. ಈ ಸಮೂಹದ ವಚನದಿಂದ ಹೊಸ ಶಬ್ದಾನೂ ಹುಟ್ತಾವ, ‘ಅಜಾಂಟಿಸ್’ ಅಂದ್ರ ಸೈನಿಕ, ಅದರ ಸಮೂಹ ‘ಅಜಾಂಟಿರ್’ ಅಂದ್ರ ಸೈನ್ಯ. ಅಂದ್ರ ವಚನ ಇಲ್ಲಿ ಬರೇ ಎಣಿಕಿ ಆಗಿ ಉಳೀಲಿಲ್ಲ, ಹೊಸ ಶಬ್ದ ಕೊಡಾಕತ್ತಿತು. ನಿನ್ನ ಕುರಿಗೂ ಹಿಂಡಿಗೂ ಇದs ದಾರಿ ಐತಿ, ಕಡೀಗೆ ಹೇಳ್ತೀನಿ.

‘ದ ಲಾರ್ಡ್ ಆಫ್ ದ ರಿಂಗ್ಸ್’ ಬರದ ಟೋಲ್ಕಿನ್ ಅವರ ಭಾಷಾ ಬಿಟ್ಟು ಈ ಮಾತು ಮುಗ್ಯೂದಿಲ್ಲ. ಫಿನ್ನಿಷ್ ಭಾಷಾಕ್ಕ ಮನಸೋತು ಕಟ್ಟಿದ್ದು ಕ್ವೆನ್ಯಾ, ವೆಲ್ಶ್ ಭಾಷಾಕ್ಕ ಮನಸೋತು ಕಟ್ಟಿದ್ದು ಸಿಂಡರಿನ್. ಕ್ವೆನ್ಯಾದಾಗ ‘ಎಲ್ಡಾ’ ಒಬ್ಬ ಎಲ್ಫ್, ಅಂದ್ರ ಅವರ ಕಥಿಯೊಳಗ ಬರೋ ಸಾವಿಲ್ಲದ ಕುಲದಾವ, ‘ಎಲ್ಡಾರ್’ ಬಹುವಚನ, ‘ಎಲ್ಡಾಲಿ’ ಅಂದ್ರ ಕೆಲವರು, ಜೋಡಿಗೆ ಬ್ಯಾರೆ ರೂಪ, ‘ಅಲ್ಡಾ’ ಒಂದು ಗಿಡ, ‘ಅಲ್ಡು’ ಎರಡು ಗಿಡ. ‘ದ’ದ ಜಾಗದಾಗ ‘ಇ’ ಐತಿ, ಆದ್ರ ಅದರ ನಡಾವಳಿ ಇಂಗ್ಲಿಷಿನ ಹಂಗಿಲ್ಲ: ಬರೇ ‘ಎಲ್ಡಾರ್’ ಅಂದ್ರ ಆ ಕುಲ ಎಲ್ಲಾ, ‘ಇ ಎಲ್ಡಾರ್’ ಅಂದ್ರ ಈಗ ಮಾತಾಡಿದೆವಲ್ಲ ಆ ಮಂದಿ. ಸಿಂಡರಿನ್ನಿನಾಗ ಪ್ರತ್ಯಯಾನs ಇಲ್ಲ ಅನ್ನಬೇಕು, ಒಳಗಿನ ಸ್ವರ ಬದಲಾಗ್ತಾವ, ‘ಅಡನ್’ ಮನಷ್ಯಾ, ‘ಎಡೈನ್’ ಮನಷ್ಯಾರು. ‘ದ’ಕ್ಕೂ ವಚನ ಐತಿ, ಒಂದಕ್ಕ ‘ಇ’, ಭಾಳಕ್ಕ ‘ಇನ್’. ಒಂದು ಕುಲ ಎಲ್ಲಾ ಒಟ್ಟಿಗೆ ಅನ್ನಾಕ ‘ಅತ್’ ಹಚ್ತಾರ, ‘ಎಲೆನಾತ್’ ಅಂದ್ರ ಆಕಾಶದ ನಕ್ಷತ್ರ ಎಲ್ಲಾ.

ಇನ್ನ ವಚನ, ‘ದ’ ಎರಡನ್ನೂ ನಾಮಪದದಿಂದ ಕಿತ್ತು ಹಾಕಿದವ್ರು ಅದಾರ. ಸೋನ್ಯಾ ಲ್ಯಾಂಗ್ 2001ರಾಗ ಹೊರಗ ತಂದ ತೋಕಿ ಪೋನಾದಾಗ ‘ಸೊವೆಲಿ’ ಅಂದ್ರ ಪ್ರಾಣಿ, ಒಂದೂ ಆಗಬಹುದು ಹಿಂಡೂ ಆಗಬಹುದು, ಬೇಕಾದ್ರ ‘ಸೊವೆಲಿ ಮುತೆ’ ಭಾಳ ಪ್ರಾಣಿ, ‘ಸೊವೆಲಿ ನಿ’ ಈ ಪ್ರಾಣಿ. ನೂರಿಪ್ಪತ್ತರ ಆಸುಪಾಸು ಶಬ್ದದಾಗ ಬದುಕೋ ಭಾಷಾ ಅದು, ಅದಕ್ಕ ಹಿಂಗs ಸರಿ. ಸುಜೆಟ್ ಹೇಡನ್ ಎಲ್ಜಿನ್ ಅವರು 1982ರಾಗ ಹೆಣ್ಮಕ್ಕಳ ಅನುಭವ ಹೇಳಾಕ ಅಂತ ಕಟ್ಟಿದ ಲಾದನ್ ಭಾಷಾದಾಗ ನಾಮಪದ ಬದಲಾಗೂದಿಲ್ಲ, ಬಹುವಚನದ ‘ಮೆ’ ಕ್ರಿಯಾಪದದ ಮುಂದ ಹತ್ತತೈತಿ. ನಮ್ಮ ‘ಕುರಿ ಬಂದ್ವು’ ನೆನಪಾತಲ್ಲ, ಅದs ನಮೂನಿ.

ಲೋಜ್ಬಾನ್ ಬ್ಯಾರೆ ದಿಕ್ಕಿನಿಂದ ಬರ್ತೈತಿ. 1955ರಾಗ ಜೇಮ್ಸ್ ಕುಕ್ ಬ್ರೌನ್ ಶುರು ಮಾಡಿದ ಲೋಗ್ಲಾನಿನಿಂದ ಬ್ಯಾರೆ ಆಗಿ 1987ರಾಗ ಹುಟ್ಟಿದ ತರ್ಕದ ಭಾಷಾ ಅದು. ಅಲ್ಲಿ ‘ಲೊ ಗೆರ್ಕು’ ಅಂದ್ರ ನಾಯಿ, ಎಷ್ಟರs ಇರ್ಲಿ, ‘ಲೆ ಗೆರ್ಕು’ ಅಂದ್ರ ನನ್ನ ಮನಸ್ಸಿನಾಗ ಇರೋ ಇಂಥಾದ್ದು ಅನ್ನೋ ನಾಯಿ. ಇದನ್ನ ಸ್ವಲ್ಪ ನಿಂತು ಯೋಚನಿ ಮಾಡು, ‘ದ’ ಅಂದ್ರ ಕೇಳಾವಗೂ ಗೊತ್ತಿರಬೇಕು, ‘ಲೆ’ ಅಂದ್ರ ಹೇಳಾವಗ ಗೊತ್ತಿದ್ರ ಸಾಕು. ‘ನಿನ್ನೆ ಒಬ್ಬಾಕಿ ಸಿಕ್ಕಿದ್ಲು’ ಅಂತ ನಾ ಹೇಳಿದ್ರ ಆಕಿ ಯಾರು ಅಂತ ನನಗ ಗೊತ್ತು, ನಿನಗ ಗೊತ್ತಿಲ್ಲ. ಇವೆರಡೂ ಬ್ಯಾರೆ ಬ್ಯಾರೆ, ಇಂಗ್ಲಿಷಿನ ಅಚ್ಚಿನಾಗ ಕುಂತ್ರ ಈ ಫರಕು ಕಣ್ಣಿಗೆ ಬೀಳೂದs ಇಲ್ಲ. ಜಾನ್ ಕಿಹಾಡಾ ಅವರ ಇತ್ಕುಯಿಲ್ ಭಾಷಾ, 2004ರಾಗ ಹೊರಗ ಬಂದದ್ದು, ವಚನಾನ್ನs ಚೂರು ಚೂರು ಮಾಡಿ ಒಂದs ಥರದವು ಅದಾವೋ ಬ್ಯಾರೆ ಥರದವೋ, ಒಂದಕ್ಕೊಂದು ಕೂಡ್ಯಾವೋ ಬಿಡಿ ಅದಾವೋ, ಒಂದು ಉದ್ದೇಶಕ್ಕ ಸೇರ್ಯಾವೋ ಅಂತ ಎಲ್ಲಾ ಹೇಳಸ್ತೈತಿ. ಓದಿದ್ರ ತಲಿ ಚುರುಕು ಆಗ್ತೈತಿ, ಕಾದಂಬರ್ಯಾಗ ಕುರುಬರ ಬಾಯಾಗ ಇಡಾಕ ಬರೂದಿಲ್ಲ.

ವಚನ ಎಷ್ಟರs ಇಡು, ಒಂದು ಮಾತು ನೆನಪಿಡು. ಭಾಷಾವಿಜ್ಞಾನಿ ಗ್ರೀನ್‌ಬರ್ಗ್ 1963ರಾಗ ಹೇಳಿದ್ದು: ದ್ವಿವಚನ ಇಲ್ದ ತ್ರಿವಚನ ಇರೂದಿಲ್ಲ, ಬಹುವಚನ ಇಲ್ದ ದ್ವಿವಚನ ಇರೂದಿಲ್ಲ. ನಿನ್ನ ಮಂದಿ ಮನಷ್ಯಾರು ಇದ್ರ ಈ ಮೆಟ್ಟಲ ಜಿಗೀಬ್ಯಾಡ.

ಈಗ ನಿನ್ನ ಭಾಷಾಕ್ಕ ಬರ್ತೀನಿ. ಕುರಿ ಕಾಯೋ ಮಂದಿ ಕಣ್ಣಿಗೆ ಮದ್ಲ ಕಾಣೋದು ಏನು? ಹಿಂಡು. ಒಂದು ಕುರಿ ಲೆಕ್ಕಕ್ಕ ಬರೋದು ಅದು ತಪ್ಪಿಸ್ಕೊಂಡಾಗ, ಜಡ್ಡಾದಾಗ, ಮಾರಾಕ ಒಯ್ದಾಗ. ಹಂಗಿದ್ದಮ್ಯಾಲೆ ‘ಮೊರು’ ಅಂದ್ರ ಒಂದು ಕುರಿ, ಅದಕ್ಕ ಬಾಲಾ ಹಚ್ಚಿದ್ರ ಹಿಂಡು, ಅಂತ ಯಾಕ ಇಡ್ತಿ? ತಿರುವಿ ಹಾಕು. ‘ಮೊರು’ ಅಂದ್ರ ಹಿಂಡಿನಾಗಿನ ಕುರಿ, ಲೆಕ್ಕ ಇಲ್ಲದ್ದು, ‘ಮೊರುಶಿ’ ಅಂದ್ರ ಹಿಂಡಿನಿಂದ ಬ್ಯಾರೆ ಮಾಡಿ ತೋರಿಸಿದ ಒಂದು ಕುರಿ. ಇದು ನಾ ಕಲ್ಪಿಸಿದ್ದಲ್ಲ, ವೆಲ್ಶ್ ಭಾಷಾದಾಗ ‘ಅದರ್’ ಅಂದ್ರ ಹಕ್ಕಿಗೋಳು, ‘ಅದೆರಿನ್’ ಅಂದ್ರ ಒಂದು ಹಕ್ಕಿ, ಉದ್ದಂದು ಏಕವಚನ, ಗಿಡ್ಡಂದು ಬಹುವಚನ. ಸಿಂಡರಿನ್ನಿನಾಗೂ ಟೋಲ್ಕಿನ್ ಇಂಥಾ ಕೆಲವು ಶಬ್ದ ಇಟ್ಟಾರ. ಹಿಂಡಾಗಿ ಇರೋದಕ್ಕೆಲ್ಲ, ಕುರಿ, ಜೇನು, ಹುಲ್ಲು, ಕಾಳು, ಇದs ಕಾಯ್ದೆ ಇಡು. ಕಲ್ಲು, ಹಳ್ಳ, ರೊಪ್ಪ ಇಂಥಾವುಕ್ಕ ವಚನಾನs ಬ್ಯಾಡ. ಮನಷ್ಯಾರಿಗೆ ಮಾತ್ರ ಬ್ಯಾರೆ ಬಹುವಚನ ಕೊಡು, ಅದನ್ನ ಹಿರ್ಯಾರ ಮರ್ಯಾದಿಗೂ ಬಳಸು, ಆವಾಗ ನಿನ್ನ ಕಥಿಯೊಳಗ ಒಬ್ಬ ಹುಡುಗ ಸಿಟ್ಟಿಗೆದ್ದು ಹಿರ್ಯಾಗ ಏಕವಚನ ಹಚ್ಚಿದ್ರ ಓದುಗರಿಗೆ ಜಗಳ ಅಲ್ಲೇ ಗೊತ್ತಾಗ್ತೈತಿ, ನೀ ಬ್ಯಾರೆ ವಿವರ್ಸೋದು ಬೇಕಾಗೂದಿಲ್ಲ. ಮತ್ತ ಒಬ್ಬ ಮನಷ್ಯಾಗ ಬೇಕಂತs ಕುರಿಯ ‘ಶಿ’ ಹಚ್ಚಿದ್ರ? ಹಿಂಡು ಬಿಟ್ಟಾವ, ಕುಲದಿಂದ ಹೊರಗ ಹಾಕಿದಾವ ಅಂತ ಅರ್ಥ ಬರಬಹುದು, ಕ್ಲಿಂಗಾನಿನ ಕೂಸುಗೋಳ ಥರಾನs.

‘ಎಲ್’ ಪೂರಾ ತೆಗೀಬ್ಯಾಡ, ಕೆಲಸ ಕಡಿಮಿ ಮಾಡು. ಕರ್ತೃ ಮುಂದ ಬ್ಯಾಡ, ಅಲ್ಲಿ ಶಬ್ದದ ಜಾಗಾನs ಸಾಕು. ಕರ್ಮದ ಮುಂದ, ಅದೂ ಇಬ್ಬರಿಗೂ ಗೊತ್ತಿದ್ದದ್ದು ಇದ್ದಾಗ ಮಾತ್ರ ಇಡು. ಮಾರಿದ್ದು, ಕಡಿದದ್ದು, ಕಟ್ಟಿದ್ದು, ಹುಡುಕಿದ್ದು ಯಾವುದು ಅನ್ನೋದು ಈ ಮಂದಿಗೆ ಮಹತ್ವದ್ದು. ಸಂಖ್ಯೆ ಬಂದ್ರ ‘ಶಿ’ನೂ ಬ್ಯಾಡ, ‘ಎಲ್’ ಬೇಕಾದ್ರ ಇರ್ಲಿ.

ಇಷ್ಟು ಮಾಡಿದ ಮ್ಯಾಲೆ ಪದಪಟ್ಟಿ ಬದೀಗಿಟ್ಟು ಈ ಮಾತುಕಥಿ ನಿನ್ನ ಭಾಷಾಕ್ಕ ತಾ. ‘ಒಂದು ಟಗರು ತಪ್ಪಿಸ್ಕೊಂಡೈತಿ.’ ‘ಟಗರು ಕಂಡ್ಯೇನು?’ ‘ಹಳ್ಳದಾಗ ನಾಕೈದು ಕುರಿ ಕಂಡ್ನಿ, ಟಗರು ಇರಲಿಲ್ಲ.’ ‘ರಾತ್ರಿ ತೋಳ ಬಂದಿತ್ತು.’ ‘ತೋಳ ಅಂದ್ರ ಕುರಿ ಹೆದರ್ತಾವ.’ ಮದಲನೇದರಾಗ ಟಗರು ಹೊಸದು, ಎರಡನೇದರಾಗ ಗೊತ್ತಿದ್ದದ್ದು. ಮೂರನೇದರಾಗ ಸಂಖ್ಯೆ ಗಟ್ಟಿ ಇಲ್ಲ, ಮತ್ತ ಇಲ್ಲದ್ದರ ಬಗ್ಗೆ ಮಾತೈತಿ, ಕಟ್ಟಿದ ಭಾಷಾ ಭಾಳ ಸಲ ಎಡವೋದು ಅಲ್ಲೇ. ನಾಕನೇದರಾಗ ತೋಳ ಒಂದೋ ಹಿಂಡೋ ಅಂತ ಹೇಳಾವಗs ಗೊತ್ತಿಲ್ಲ, ನಿನ್ನ ವ್ಯಾಕರಣ ಆವಗ ಸುಳ್ಳು ಹೇಳೋ ಹಂಗ ಒತ್ತಾಯ ಮಾಡಬಾರದು. ಕಡೀದು ಎಲ್ಲಾಕ್ಕಿಂತ ಕಠಿಣ, ಅಲ್ಲಿ ಯಾವ ತೋಳಾನೂ ಇಲ್ಲ ಯಾವ ಕುರೀನೂ ಇಲ್ಲ, ಜಾತಿ ಬಗ್ಗೆ ಮಾತು. ಅದಕ್ಕ ನೀ ಹಿಂಡಿನ ರೂಪ ಇಟ್ಯೋ ಒಂಟಿ ರೂಪ ಇಟ್ಯೋ, ಎರಡಕ್ಕೂ ಒಂದs ಇಟ್ಯೋ ಬ್ಯಾರೆ ಬ್ಯಾರೆ ಇಟ್ಯೋ, ಐದೂ ಸಾಲು ಬರದು ಕಳಸವಾ, ಓದಿ ಮತ್ತ ಬರೀತೀನಿ.